ಹಳೆಯ ಯಂತ್ರಗಳೂ ವಿದ್ಯಾದಾಸೋಹವೂ

ವಿದ್ಯೆಯು ಗ್ರಂಥದಿಂದ ಬರತಕ್ಕದ್ದೋ ಕೈಕೆಲಸದಿಂದ ಬರತಕ್ಕದ್ದೋ ಎಂಬ ವಾದ ಬಹು ಹಳೆಯದು. ಹನ್ನೆರಡನೆಯ ಶತಮಾನದ ಶರಣರು ಈ ವಾದಕ್ಕೆ ತಮ್ಮ ಬದುಕಿನಿಂದಲೇ ಸಮಾಧಾನ ಹೇಳಿದರು. ಬಟ್ಟೆಯನ್ನು ಮಡಿಮಾಡಿದ ಮಾಚಿದೇವ, ದೋಣಿಯನ್ನು ನಡೆಸಿದ ಚೌಡಯ್ಯ, ಹುಲ್ಲಿನ ಹಗ್ಗವನ್ನು ಹೊಸೆದ ಚಂದಯ್ಯ – ಇವರ ಹೆಸರಿನೊಡನೆ ಇವರ ಕಾಯಕವೂ ಅಂಟಿಕೊಂಡೇ ಉಳಿದಿದೆ. ಅನುಭಾವಕ್ಕೆ ಕೈಕೆಲಸವು ಅಡ್ಡಿಯೆಂದು ಅವರಲ್ಲಿ ಯಾರೂ ಭಾವಿಸಲಿಲ್ಲ. ಶರಣರ ಹೆಸರಿನಲ್ಲಿ ನಡೆಯುವ ವಿದ್ಯಾಸಂಸ್ಥೆಗಳು ಈ ತತ್ತ್ವವನ್ನು ಪ್ರಾರ್ಥನಾ ಮಂದಿರದ ಗೋಡೆಯ ಮೇಲೆ ಅಂದವಾಗಿ ಬರೆಸಿರುತ್ತವೆ. ಆದರೆ ಎಷ್ಟೋ ಕಡೆ ಪ್ರಯೋಗಶಾಲೆಯ ಕಪಾಟಿಗೆ ಬೀಗ ಬಿದ್ದಿರುತ್ತದೆ. ದಾನಿಗಳು ಕೊಟ್ಟ ಉಪಕರಣಗಳು ಗಾಜಿನ ಹಿಂದೆ ನಿಂತು, ತಪಾಸಣೆಯ ದಿನ ಧೂಳು ಕೊಡವಿಸಿಕೊಂಡು, ಕಡೆಗೊಮ್ಮೆ ಗುಜರಿಯವನ ತಕ್ಕಡಿಯನ್ನು ಏರುತ್ತವೆ. ಕೊಟ್ಟವರಿಗೆ ಪುಣ್ಯದ ತೃಪ್ತಿ, ಪಡೆದವರಿಗೆ ದಾಸ್ತಾನು ಪುಸ್ತಕದಲ್ಲಿ ಒಂದು ಸಾಲು. ವಿದ್ಯಾರ್ಥಿಗೆ ದಕ್ಕಿದ್ದು ಮಾತ್ರ ಏನೂ ಇಲ್ಲ.

ಹಳೆಯ ಯಂತ್ರವೊಂದು ವಿದ್ಯೆಯಾಗಿ ಪರಿಣಮಿಸುವುದು ಹೇಗೆ, ಗುಜರಿಯಾಗಿ ಕೊನೆಗಾಣುವುದು ಹೇಗೆ ಎಂಬುದನ್ನು ತಿಳಿಯಲು ಒಂದು ದೃಷ್ಟಾಂತ ಸಾಕು. ಹವ್ಯಾಸಿ ರೇಡಿಯೋದವರು, ಮುಖ್ಯವಾಗಿ ಅಮೆರಿಕದವರು, ಇತರರು ಬೇಡವೆಂದು ಬಿಟ್ಟ ಸಾಮಗ್ರಿಯಿಂದ ಕಟ್ಟಿ ನಿಲ್ಲಿಸಿದ ‘ರಿಪೀಟರ್’ ಎಂಬ ಯಂತ್ರವೇ ಆ ದೃಷ್ಟಾಂತ. ಶಾಲೆಯೊಂದರ ಸ್ಮರಣ ಸಂಚಿಕೆಗೆ ಇದು ದೂರದ ವಿಷಯವೆಂದು ತೋರಬಹುದು. ಆದರೆ ಕೊಡುವವರೂ ಕಲಿಸುವವರೂ ಕಲಿತು ಹೊರಗೆ ಹೋದವರೂ ಒಟ್ಟಿಗೆ ಓದುವ ಪುಟಗಳಲ್ಲಿ ಇದಕ್ಕಿಂತ ತಕ್ಕ ವಿಷಯ ಬೇರೊಂದಿರಲಾರದು.

ಪರೀಕ್ಷೆಗೆ ಕುಳಿತು, ಸರ್ಕಾರದಿಂದ ಪರವಾನಗಿ ಪಡೆದು, ಹಣದ ಲಾಭವನ್ನು ಬಯಸದೆ ರೇಡಿಯೋ ಅಲೆಗಳ ಮೂಲಕ ಪರಸ್ಪರ ಸಂಭಾಷಿಸುವವರೇ ಹವ್ಯಾಸಿ ರೇಡಿಯೋದವರು; ರೂಢಿಯಲ್ಲಿ ಇವರಿಗೆ ಹ್ಯಾಮ್ ಎಂದು ಹೆಸರು. ಇವರ ಕೈಯಲ್ಲಿ ಹಿಡಿಯುವ ಚಿಕ್ಕ ಯಂತ್ರದ ಶಕ್ತಿ ಸಾಮಾನ್ಯವಾಗಿ 5 ವ್ಯಾಟ್ ಮಾತ್ರ. 144 ಮೆಗಾಹರ್ಟ್ಸ್‌ನಿಂದ ಮೇಲಣ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಚಲಿಸತಕ್ಕವು. ನಡುವೆ ಬೆಟ್ಟವೊಂದು ಅಡ್ಡ ಬಂದರೆ ಆಚೆಯವರಿಗೆ ಈಚೆಯ ಮಾತು ಕೇಳದು. ಆದ್ದರಿಂದ ಆ ಬೆಟ್ಟದ ನೆತ್ತಿಯ ಮೇಲೆಯೇ ಒಂದು ಯಂತ್ರವನ್ನು ಇರಿಸುತ್ತಾರೆ. ಅದು ಒಂದು ಕಂಪನಾಂಕದಲ್ಲಿ ಬಂದ ದುರ್ಬಲ ದನಿಯನ್ನು ಕೇಳಿ, ಅದೇ ಕ್ಷಣದಲ್ಲಿ ಇನ್ನೊಂದು ಕಂಪನಾಂಕದಲ್ಲಿ ಅದನ್ನು ಬಲವಾಗಿ ಹೇಳುತ್ತದೆ. ಅಮೆರಿಕದ ಆರಂಭದ ದಿನಗಳಲ್ಲಿ ಬಹಳ ಬಳಕೆಯಲ್ಲಿದ್ದ ಜೋಡಿಯೆಂದರೆ 146.34 ಮೆಗಾಹರ್ಟ್ಸ್‌ನಲ್ಲಿ ಕೇಳಿ 146.94ರಲ್ಲಿ ಹೇಳುವುದು. ಇಂದು ಭಾಷಾಂತರವೆಂಬ ಅರ್ಥಕ್ಕೆ ಸೀಮಿತವಾಗಿರುವ ‘ಅನುವಾದ’ ಎಂಬ ಶಬ್ದಕ್ಕೆ ಮೀಮಾಂಸಕರಲ್ಲಿ, ಮೊದಲು ಹೇಳಿದ್ದನ್ನು ಮತ್ತೆ ಹೇಳುವುದು ಎಂದೇ ಅರ್ಥ. ಆ ಅರ್ಥದಲ್ಲಿ ರಿಪೀಟರ್ ಎಂಬುದು ಬೆಟ್ಟದ ಮೇಲೆ ಕುಳಿತ ಅನುವಾದಕ. ತನ್ನದೆಂದು ಒಂದಕ್ಷರವನ್ನೂ ಸೇರಿಸದಿರುವುದೇ ಅದರ ಪಾಂಡಿತ್ಯ.

ಇಂತಹ ಯಂತ್ರವನ್ನು ಹೊಸದಾಗಿ ಕೊಳ್ಳುವ ಶಕ್ತಿ ಆ ಹವ್ಯಾಸಿಗಳಲ್ಲಿ ಬಹುಮಂದಿಗೆ ಇರಲಿಲ್ಲ. ಅವರಿಗೆ ನೆರವಾದದ್ದು ಲೋಕದ ತ್ಯಾಜ್ಯ. 1945ರಲ್ಲಿ ಎರಡನೆಯ ಮಹಾಯುದ್ಧ ಮುಗಿದೊಡನೆ ಸೈನ್ಯದ ರೇಡಿಯೋಗಳು ಅಗ್ಗದ ಬೆಲೆಗೆ ಮಾರುಕಟ್ಟೆಗೆ ಬಂದವು. ವಿಮಾನಗಳಲ್ಲಿದ್ದ ಎಸ್‌ಸಿಆರ್-522 ಎಂಬ ಯಂತ್ರವು 100ರಿಂದ 156 ಮೆಗಾಹರ್ಟ್ಸ್‌ವರೆಗೆ ಕೆಲಸ ಮಾಡುತ್ತಿದ್ದುದರಿಂದ ಅದನ್ನು ಹವ್ಯಾಸಿಗಳು ತಮ್ಮ ಎರಡು ಮೀಟರ್ ಪಟ್ಟಿಗೆ ಸುಲಭವಾಗಿ ಒಗ್ಗಿಸಿಕೊಂಡರು. ಅನಂತರ ಪೊಲೀಸರು, ಟ್ಯಾಕ್ಸಿಯವರು, ಅಗ್ನಿಶಾಮಕ ದಳದವರು ಬಳಸುತ್ತಿದ್ದ ವಾಹನ ರೇಡಿಯೋಗಳ ಸರದಿ. ಒಂದೊಂದು ಸಂಭಾಷಣೆಯೂ ಆಕ್ರಮಿಸುತ್ತಿದ್ದ ಜಾಗವನ್ನು ಕಿರಿದುಗೊಳಿಸಬೇಕೆಂದು ಅಮೆರಿಕದ ಸಂಪರ್ಕ ಆಯೋಗವು ಕಟ್ಟಳೆ ಮಾಡಿ, ಕಂಪನಾಂಕದ ಓಲಾಟವನ್ನು 15 ಕಿಲೋಹರ್ಟ್ಸ್‌ನಿಂದ 5ಕ್ಕೆ ಇಳಿಸಿತು. ಇದರಿಂದಾಗಿ 1960ರ ದಶಕದಲ್ಲಿ, ಸುಸ್ಥಿತಿಯಲ್ಲಿದ್ದ ಮೋಟೊರೋಲಾ, ಜನರಲ್ ಎಲೆಕ್ಟ್ರಿಕ್ ಕಂಪನಿಗಳ ಯಂತ್ರಗಳು ಹಳೆಯ ಕಟ್ಟಳೆಯವು ಎಂಬ ಒಂದೇ ದೋಷದಿಂದ ಹೊರಬಿದ್ದವು. ಅವನ್ನು ಎತ್ತಿಕೊಂಡವರಿಂದಲೇ ಅಲ್ಲಿ ರಿಪೀಟರುಗಳ ಯುಗ ಮೊದಲಾಯಿತು. ಅವು ಎಷ್ಟು ಹೆಚ್ಚಿದವೆಂದರೆ 1972ರಲ್ಲಿ ಸಂಪರ್ಕ ಆಯೋಗವು ಅವುಗಳಿಗೆಂದೇ ಪ್ರತ್ಯೇಕ ನಿಯಮಗಳನ್ನು ಮಾಡಬೇಕಾಯಿತು. ಇಂತಹುದೇ ಇನ್ನೊಂದು ಕಟ್ಟಳೆ 2013ರ ಜನವರಿ 1ರಿಂದ ಜಾರಿಗೆ ಬಂದಾಗ ಮತ್ತೊಂದು ತಲೆಮಾರಿನ ಯಂತ್ರಗಳು ಹವ್ಯಾಸಿಗಳ ಮನೆ ಸೇರಿದವು. ಲೋಕವು ಬಿಟ್ಟದ್ದೆಲ್ಲ ಕೆಟ್ಟದ್ದಲ್ಲ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಆದರೆ ಯಂತ್ರ ಕೈಗೆ ಬಂದ ಮಾತ್ರಕ್ಕೆ ರಿಪೀಟರ್ ಆಗದು. ಹಳೆಯ ಯಂತ್ರದ ಕಂಪನಾಂಕವನ್ನು ನಿರ್ಣಯಿಸುತ್ತಿದ್ದುದು ಉಗುರಿನಷ್ಟು ಸ್ಫಟಿಕದ ಬಿಲ್ಲೆ. ಎಸ್‌ಸಿಆರ್-522ರಲ್ಲಿ ಆ ಸ್ಫಟಿಕದ ಕಂಪನವನ್ನು ಹಂತಹಂತವಾಗಿ 18 ಪಟ್ಟು ಹೆಚ್ಚಿಸಲಾಗುತ್ತಿತ್ತು, 146.94 ಮೆಗಾಹರ್ಟ್ಸ್ ಬೇಕಾದವನು ಲೆಕ್ಕ ಹಾಕಿ 8.1633 ಮೆಗಾಹರ್ಟ್ಸ್‌ನ ಸ್ಫಟಿಕವನ್ನು ಹುಡುಕಬೇಕು. ಸ್ಫಟಿಕದಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಕೊನೆಯಲ್ಲಿ ಆ ತಪ್ಪು 18 ಪಟ್ಟು ಬೆಳೆದಿರುತ್ತದೆ. ಟ್ಯಾಕ್ಸಿಯ ಪ್ರೇಷಕವು ಆಗೊಮ್ಮೆ ಈಗೊಮ್ಮೆ ನಾಲ್ಕು ಮಾತಾಡಲೆಂದು ಮಾಡಿದ್ದು. ಬೆಟ್ಟದ ಮೇಲೆ ಅದು ಗಂಟೆಗಟ್ಟಲೆ ದುಡಿಯಬೇಕು. ಆದಕಾರಣ ತಿಳಿದವರು 50 ವ್ಯಾಟಿನ ಯಂತ್ರವನ್ನು 25 ವ್ಯಾಟಿಗೆ ಇಳಿಸಿ, ಶಾಖವನ್ನು ಹೊರಗೆ ಸಾಗಿಸಲು ದಪ್ಪ ಅಲ್ಯೂಮಿನಿಯಂ ರೆಕ್ಕೆಗಳನ್ನೂ ಬೀಸಣಿಗೆಯನ್ನೂ ಕೂಡಿಸುತ್ತಾರೆ. ಮುದಿ ಎತ್ತಿಗೆ ಹೊರೆ ಕಡಿಮೆ ಮಾಡಿ ದಾರಿ ಉದ್ದ ಮಾಡಿದಂತೆ ಈ ಉಪಾಯ.

ಎಲ್ಲಕ್ಕಿಂತ ದೊಡ್ಡ ಸಮಸ್ಯೆ ಬೇರೆ ಇದೆ. ರಿಪೀಟರು ಕೇಳುತ್ತಿರುವಾಗಲೇ ಹೇಳಬೇಕು, ಅದೂ ಸಾಮಾನ್ಯವಾಗಿ ಒಂದೇ ಆಂಟೆನಾದ ಮೂಲಕ. ಹೊರಗೆ ಹೋಗುವ ದನಿ 50 ವ್ಯಾಟಿನದೆನ್ನೋಣ. ಒಳಗೆ ಬರುವ ದನಿ ಒಂದು ವೋಲ್ಟಿನ ಹತ್ತು ಲಕ್ಷ ಭಾಗಗಳಲ್ಲಿ ಒಂದರ ಕಾಲುಪಾಲು. ಶಕ್ತಿಯಲ್ಲಿ ಮೊದಲನೆಯದು ಎರಡನೆಯದಕ್ಕಿಂತ ನಾಲ್ಕರ ಮುಂದೆ ಹದಿನಾರು ಸೊನ್ನೆ ಬರೆದಷ್ಟು ಪಟ್ಟು ದೊಡ್ಡದು. ಜಾತ್ರೆಯ ನಗಾರಿಯನ್ನು ಬಾರಿಸುತ್ತಲೇ ಪಕ್ಕದೂರಿನ ಪಿಸುಮಾತನ್ನು ಕೇಳಬೇಕಾದವನ ಪಾಡು ಇದು. ಇದಕ್ಕೆ ಉಪಾಯ ಡ್ಯೂಪ್ಲೆಕ್ಸರ್ ಎಂಬ ಲೋಹದ ಕೊಳವೆಗಳ ಸಮೂಹ. ಅಲೆಯ ಉದ್ದದ ಕಾಲುಭಾಗಕ್ಕೆ, ಅಂದರೆ ಸುಮಾರು ಅರ್ಧ ಮೀಟರಿಗೆ, ಹೊಂದುವಂತೆ ಮಾಡಿದ ಈ ಕೊಳವೆಗಳನ್ನು ನಾಲ್ಕೋ ಆರೋ ಸೇರಿಸಿ ಶ್ರುತಿಗೊಳಿಸಿದರೆ, ಗ್ರಾಹಕದ ಕಡೆಯವು ಹೊರಹೋಗುವ ದನಿಯನ್ನು ತಡೆಯುತ್ತವೆ. ಪ್ರೇಷಕದ ಕಡೆಯವು ಅದರ ಗದ್ದಲವನ್ನು ತಡೆಯುತ್ತವೆ. ಬಿಸಿಲಿಗೆ ಲೋಹ ಹಿಗ್ಗಿ ಶ್ರುತಿ ಕೆಡದಿರಲೆಂದು ಒಳಗಣ ಸರಳನ್ನು ಇನ್ವಾರ್ ಎಂಬ, ಶಾಖಕ್ಕೆ ಬಹಳ ಕಡಿಮೆ ಹಿಗ್ಗುವ ಮಿಶ್ರಲೋಹದಿಂದ ಮಾಡಿರುತ್ತಾರೆ. ತಂಬೂರಿಯ ತಂತಿಯನ್ನು ಹದಗೊಳಿಸುವಂತೆಯೇ ಇದೂ ತಾಳ್ಮೆಯ ಕೆಲಸ.

ಕಟ್ಟುವುದು ಇಲ್ಲಿಗೆ ಮುಗಿಯಿತು. ದೋಷವನ್ನು ಹುಡುಕುವುದು ಇಲ್ಲಿಂದ ಮೊದಲಾಗುತ್ತದೆ. ವಿದ್ಯೆಯ ಸಾರವಿರುವುದೂ ಇಲ್ಲಿಯೇ. ಹತ್ತಿರದವರ ಮಾತು ಚೆನ್ನಾಗಿ ಕೇಳಿ, ದೂರದವರದು ಮಾತ್ರ ತುಂಡುತುಂಡಾಗುತ್ತಿದೆಯೆನ್ನೋಣ. ಗ್ರಾಹಕವೇ ಕೆಟ್ಟಿದೆಯೆಂದು ಅವಸರದವನು ಅದನ್ನು ಬಿಚ್ಚುತ್ತಾನೆ. ತಿಳಿದವನು ಹಾಗೆ ಮಾಡುವುದಿಲ್ಲ. ಅಳೆದ ದುರ್ಬಲ ಸಂಕೇತವೊಂದನ್ನು ಗ್ರಾಹಕಕ್ಕೆ ಕೊಟ್ಟು, ಪ್ರೇಷಕವನ್ನು ಮೊದಲು ನಿಲ್ಲಿಸಿ ಕೇಳುತ್ತಾನೆ, ಅನಂತರ ನಡೆಸಿ ಕೇಳುತ್ತಾನೆ. ಪ್ರೇಷಕ ನಡೆದಾಗ ಮಾತ್ರ ಸಂಕೇತ ಮುಳುಗಿದರೆ ಗ್ರಾಹಕ ನಿರ್ದೋಷಿ. ಮುಂದೆ ಆಂಟೆನಾವನ್ನು ಬಿಡಿಸಿ, ಶಕ್ತಿಯನ್ನು ಹೊರಗೆ ಚೆಲ್ಲದೆ ಶಾಖವಾಗಿ ನುಂಗುವ ಕೃತಕ ಭಾರವನ್ನು ಆ ಜಾಗಕ್ಕೆ ಜೋಡಿಸುತ್ತಾನೆ. ಆಗಲೂ ದೋಷ ಉಳಿದರೆ ಅದು ಡ್ಯೂಪ್ಲೆಕ್ಸರಿನಲ್ಲಿಯೋ ಕೋಣೆಯೊಳಗಿನ ಕೇಬಲಿನಲ್ಲಿಯೋ ಇದೆ. ಹೋದರೆ, ಅದು ಆಂಟೆನಾಕ್ಕೆ ಹೋಗುವ ಕೇಬಲಿನಲ್ಲಿ, ಆಂಟೆನಾದಲ್ಲಿ ಅಥವಾ ಅದರ ಸುತ್ತಮುತ್ತ ಇದೆ. ಎರಡೇ ಪರೀಕ್ಷೆಗಳಿಂದ ಮುಕ್ಕಾಲು ಯಂತ್ರ ಸಂಶಯದಿಂದ ಪಾರಾಯಿತು.

ದೋಷಗಳು ಅಡಗುವ ಸ್ಥಳಗಳೂ ಆಶ್ಚರ್ಯಕರ. ಬೆಟ್ಟದ ಮೇಲಣ ತಂತಿ ಬೇಲಿಯ ತುಕ್ಕು ಹಿಡಿದ ಗಂಟೊಂದು ಗಾಳಿಗೆ ಅಲುಗುವಾಗ ಡಯೋಡಿನಂತೆ ವರ್ತಿಸಿ ಗೊರಗೊರ ಸದ್ದನ್ನು ಹುಟ್ಟಿಸುತ್ತದೆ. ಯಂತ್ರದ ಒಳಗೆ ಎಷ್ಟು ಹುಡುಕಿದರೂ ಅದು ಸಿಕ್ಕದು. ಅಲ್ಯೂಮಿನಿಯಂ ತಗಡಿನ ಮೇಲೆ ತವರದ ಲೇಪವುಳ್ಳ ತಾಮ್ರದ ಜಾಲರಿಯನ್ನು ಹೊದಿಸಿದ ಕೇಬಲು ಬೇರೆ ಕೆಲಸಗಳಿಗೆ ಉತ್ತಮವಾದರೂ, ಹೇಳುವುದೂ ಕೇಳುವುದೂ ಏಕಕಾಲಕ್ಕೆ ನಡೆಯುವ ಇಲ್ಲಿ ಎರಡು ಲೋಹಗಳ ಉಜ್ಜಾಟದಿಂದ ಗದ್ದಲವನ್ನು ತರುತ್ತದೆ. ಹಳೆಯ ಕೆಪಾಸಿಟರು ಒಣಗಿದರೆ ದನಿಯ ಹಿಂದೆ ದುಂಬಿಯ ಝೇಂಕಾರ ಸೇರುತ್ತದೆ. ಬೆಸುಗೆ ಬಿರುಕು ಬಿಟ್ಟಿದ್ದರೆ ಯಂತ್ರವು ಬೆಳಗಿನ ಚಳಿಯಲ್ಲಿ ಸುಮ್ಮನಿದ್ದು ಮಧ್ಯಾಹ್ನ ಮಾತಾಡುತ್ತದೆ, ಅಥವಾ ಅದಕ್ಕೆ ವಿಪರ್ಯಯವಾಗಿ. ಮಳೆಯ ಮರುದಿನ ಮಾತ್ರ ಕಾಣಿಸಿಕೊಳ್ಳುವ ದೋಷವೆಂದರೆ ಕೇಬಲಿನೊಳಗೆ ನೀರು ಇಳಿದಿದೆಯೆಂದು ಬಹುಮಟ್ಟಿಗೆ ತಿಳಿಯಬೇಕು.

ಈ ಶೋಧನೆಗೆ ಮೂರು ನಿಯಮಗಳುಂಟು. ಮೊದಲನೆಯದು, ದಾರಿಯನ್ನು ಅರ್ಧಕ್ಕೆ ಒಡೆಯುವುದು. ದನಿಯು ಹದಿನಾರು ಘಟ್ಟಗಳನ್ನು ದಾಟುವುದಾದರೆ ಒಂದೊಂದನ್ನೇ ನೋಡುತ್ತ ಹೋಗಬಾರದು. ನಡುವೆ ಪರೀಕ್ಷಿಸಿ, ದೋಷವಿರುವ ಅರ್ಧವನ್ನು ಮತ್ತೆ ಅರ್ಧಿಸಿದರೆ ನಾಲ್ಕೇ ಪರೀಕ್ಷೆಗಳಲ್ಲಿ ಕೆಟ್ಟ ಘಟ್ಟ ಸಿಕ್ಕಿಬೀಳುತ್ತದೆ. ಎರಡನೆಯದು, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ಮೂರನೆಯದು, ತಿರುಪನ್ನು ತಿರುಗಿಸುವ ಮುನ್ನ ಅದು ಇದ್ದ ಸ್ಥಾನವನ್ನು ಬರೆದಿಡುವುದು. ಕಂಡ ಕಂಡ ತಿರುಪುಗಳನ್ನೆಲ್ಲ ತಿರುಗಿಸಿದವನು ಒಂದು ದೋಷದ ಜಾಗದಲ್ಲಿ ಹತ್ತನ್ನು ಮಾಡಿಟ್ಟಿರುತ್ತಾನೆ.

ಓಲೆಗರಿಯ ಗ್ರಂಥಗಳನ್ನು ಸಂಪಾದಿಸಿದವರಿಗೆ ಈ ನಿಯಮಗಳು ಹೊಸವಲ್ಲ. ಪ್ರತಿಯಲ್ಲಿ ಛಂದಸ್ಸು ಕೆಟ್ಟಿದ್ದರೆ ಒಡನೆಯೇ ತಿದ್ದತಕ್ಕದ್ದಲ್ಲ. ಕೆಟ್ಟದ್ದು ಯಾವ ಲಿಪಿಕಾರನ ಕೈಯಲ್ಲಿ ಎಂಬುದನ್ನು ಪ್ರತಿಗಳನ್ನು ಹೋಲಿಸಿ ಕಾಣಬೇಕು. ಮೂಲದಲ್ಲಿ ಇದ್ದ ಪಾಠವನ್ನು ಅಡಿಯಲ್ಲಿ ಕೊಡದೆ ತಿದ್ದುಪಡಿಯನ್ನು ಮೇಲೆ ಕೂರಿಸಬಾರದು. ಜಾಣ ಲಿಪಿಕಾರನ ತಿದ್ದುಪಡಿಯು ದಡ್ಡ ಲಿಪಿಕಾರನ ತಪ್ಪಿಗಿಂತ ಅಪಾಯಕರವೆಂಬುದನ್ನು ಸಂಪಾದಕರು ಬಲ್ಲರು. ರೇಡಿಯೋ ಬಿಚ್ಚುವವರೂ ಬಲ್ಲರು. ಹೀಗಿರುವಾಗ ಸಾಹಿತ್ಯದ ಮನಸ್ಸು ಬೇರೆ, ಯಂತ್ರದ ಮನಸ್ಸು ಬೇರೆ ಎಂದು ಮಕ್ಕಳನ್ನು ಹತ್ತನೆಯ ತರಗತಿಯಲ್ಲಿಯೇ ಎರಡು ಸಾಲಾಗಿ ನಿಲ್ಲಿಸುವ ಪದ್ಧತಿಗೆ ಆಧಾರವೆಲ್ಲಿದೆ?

ಇಷ್ಟೆಲ್ಲ ಶ್ರಮದಿಂದ ನಿಂತ ರಿಪೀಟರು ಕೊನೆಗೆ ಮೌನವಾಗುವುದು ಏತರಿಂದ? ಸಿಡಿಲಿನಿಂದ ಕೆಲವು, ತುಕ್ಕಿನಿಂದ ಕೆಲವು. ಆದರೆ ಅವೆರಡಕ್ಕೂ ಮದ್ದುಂಟು. ಮದ್ದಿಲ್ಲದ ಕಾರಣ ಇನ್ನೊಂದು: ಕಟ್ಟಿದವನ ತಲೆಯಲ್ಲಿ ಇದ್ದದ್ದು ಕಾಗದಕ್ಕೆ ಇಳಿಯದೆ ಹೋಗುವುದು. ಕಾರ್ಖಾನೆಯ ಯಂತ್ರಕ್ಕೆ ಕಾರ್ಖಾನೆಯ ಕೈಪಿಡಿಯುಂಟು. ಮೂರು ಯಂತ್ರಗಳ ಭಾಗಗಳನ್ನು ಕೂಡಿಸಿ ಮಾಡಿದ ನಾಲ್ಕನೆಯದಕ್ಕೆ ಕೈಪಿಡಿ ಅದನ್ನು ಮಾಡಿದವನೇ. ಆತ ಊರು ಬಿಟ್ಟರೆ, ಲೋಕ ಬಿಟ್ಟರೆ, ಯಾವ ಬಣ್ಣದ ತಂತಿ ಎಲ್ಲಿಗೆ ಹೋಗುತ್ತದೆಂಬುದು ಯಾರಿಗೂ ತಿಳಿಯದು. ಭಾಗಗಳೆಲ್ಲ ಸುಸ್ಥಿತಿಯಲ್ಲಿದ್ದೂ ಯಂತ್ರವು ಎರಡನೆಯ ಸಲ ಗುಜರಿಯಾಗುತ್ತದೆ.

ಕನ್ನಡ ನಾಡಿಗೆ ಈ ದುರಂತದ ಪರಿಚಯ ಚೆನ್ನಾಗಿಯೇ ಇದೆ. ವಚನಗಳ ಓಲೆಕಟ್ಟುಗಳು ಶತಮಾನಗಳ ಕಾಲ ಮನೆಗಳ ಅಟ್ಟದಲ್ಲಿ, ಮಠಗಳ ಗೂಡಿನಲ್ಲಿ, ಓದುವವರಿಲ್ಲದೆ ಬಿದ್ದಿದ್ದವು. ಪೂಜೆಯೇನೋ ಅವಕ್ಕೆ ಸಲ್ಲುತ್ತಿತ್ತು. ಕಟ್ಟು ಬಿಚ್ಚುವವರು ಇರಲಿಲ್ಲ. ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಅವನ್ನು ಹುಡುಕಿ, ಬಿಚ್ಚಿ, ಹೋಲಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು, 1926ರಿಂದ ‘ಶಿವಾನುಭವ’ ಪತ್ರಿಕೆಯ ಮೂಲಕ ಆ ದನಿಯನ್ನು ಮನೆಮನೆಗೆ ಮುಟ್ಟಿಸಿದರು. ಗಾಜಿನ ಕಪಾಟಿನ ಉಪಕರಣಕ್ಕೂ ಅಟ್ಟದ ಓಲೆಕಟ್ಟಿಗೂ ಗತಿ ಒಂದೇ: ಪೂಜೆ ಸಲ್ಲಿಸಿದರೆ ಉಳಿಯದು, ಬಿಚ್ಚಿ ಓದಿದರೆ ಉಳಿದೀತು.

ಇಲ್ಲಿಂದ ದಾನದ ವಿಚಾರಕ್ಕೆ ಬರಬಹುದು. ದಾನ ಬಂದ ಹಸುವಿನ ಹಲ್ಲನ್ನು ಎಣಿಸಬಾರದೆಂಬ ಲೋಕೋಕ್ತಿ ಇದೆ. ಸೌಜನ್ಯಕ್ಕೆ ಅದು ಸರಿ, ವಿದ್ಯೆಗೆ ಸರಿಯಲ್ಲ. ಶಾಲೆಗೆ ಬಂದ ಉಪಕರಣದ ಹಲ್ಲುಗಳನ್ನು ವಿದ್ಯಾರ್ಥಿಗಳಿಂದಲೇ ಎಣಿಸಬೇಕು; ಯಾವ ಹಲ್ಲು ಬಿದ್ದಿದೆ, ಏಕೆ ಬಿದ್ದಿದೆ ಎಂದು ಬರೆಯಿಸಬೇಕು. ಕೊಡುವವರಾದರೂ ತಮ್ಮ ಕಚೇರಿಯ ಮೂಲೆ ಖಾಲಿಯಾಗಲೆಂದು ಕೊಡದೆ, ಯಂತ್ರದ ನಕ್ಷೆಯನ್ನೂ ಅದನ್ನು ನಡೆಸಿದವರ ಒಂದೆರಡು ದಿನಗಳ ಸಮಯವನ್ನೂ ಜೊತೆಗೆ ಕೊಡಬೇಕು. ಅರಿವಿಲ್ಲದೆ ಕೊಟ್ಟ ವಸ್ತು ದಾನವಾಗಬಹುದು, ದಾಸೋಹವಾಗದು. ಬೆಟ್ಟದ ಮೇಲಣ ರಿಪೀಟರನ್ನು ನಾಲ್ವರು ಕಟ್ಟುತ್ತಾರೆ. ಪರವಾನಗಿಯುಳ್ಳ ದಾರಿಹೋಕನೊಬ್ಬನು ಅದರ ಮೂಲಕ ಮಾತಾಡಿ ಮುಂದೆ ಸಾಗುತ್ತಾನೆ. ಕಟ್ಟಿದವರ ಹೆಸರು ಅವನಿಗೆ ಗೊತ್ತಿರುವುದಿಲ್ಲ. ಕೊಟ್ಟೆನೆಂಬ ಹಮ್ಮು ಉಳಿಯದ ಈ ಕೊಡುಗೆಗೆ ದಾಸೋಹವೆಂದಲ್ಲದೆ ಬೇರೇನು ಹೆಸರು?

ಈ ಅಭಿಪ್ರಾಯಕ್ಕೆ ಆಕ್ಷೇಪಗಳಿಲ್ಲದಿಲ್ಲ. ಪ್ರತಿಯೊಬ್ಬರ ಜೇಬಿನಲ್ಲಿಯೂ ಮೊಬೈಲ್ ಇರುವ ಕಾಲದಲ್ಲಿ ಇದರ ಪ್ರಯೋಜನವೇನು ಎಂಬುದು ಮೊದಲನೆಯದು. 2001ರ ಜನವರಿ 26ರ ಗುಜರಾತಿನ ಭೂಕಂಪದಲ್ಲಿಯೂ 2004ರ ಡಿಸೆಂಬರ್ 26ರ ಸುನಾಮಿಯ ಕಾಲಕ್ಕೆ ಅಂಡಮಾನಿನಲ್ಲಿಯೂ ದೂರವಾಣಿ ಕಡಿದುಹೋದಾಗ ಸಂದೇಶಗಳನ್ನು ಸಾಗಿಸಿದವರಲ್ಲಿ ಹವ್ಯಾಸಿಗಳಿದ್ದರು. ಅಲ್ಲಿ ದೂರದ ಸಂಪರ್ಕಕ್ಕೆ ಒದಗಿದ್ದು ಶಾರ್ಟ್‌ವೇವ್ ಅಲೆಗಳೇ ಹೊರತು ರಿಪೀಟರಲ್ಲ ಎಂಬುದನ್ನೂ ಹೇಳಬೇಕು. ಬ್ಯಾಟರಿಯ ಆಸರೆಯಿಲ್ಲದ ರಿಪೀಟರು ವಿದ್ಯುತ್ತು ಹೋದೊಡನೆ ತಾನೂ ಮೌನವಾಗುತ್ತದೆ. ಆದರೆ ಆಪತ್ತಿನಲ್ಲಿ ಒದಗಿದ್ದು ಯಂತ್ರಕ್ಕಿಂತ ಹೆಚ್ಚಾಗಿ ಯಂತ್ರವನ್ನು ಬಲ್ಲ ಮನುಷ್ಯರು. ಮೊಬೈಲು ಕೆಟ್ಟರೆ ಎಸೆಯುವ ಕೈಗೆ ಆ ಬಲ ಬರುವುದಿಲ್ಲ.

ಅಪಾಯವಿದೆಯೆಂಬುದು ಎರಡನೆಯ ಆಕ್ಷೇಪ. ಇದು ನ್ಯಾಯವಾದುದು. ವಾಲ್ವುಗಳ ಕಾಲದ ಯಂತ್ರದಲ್ಲಿ ನೂರಾರು ವೋಲ್ಟು ಇರುತ್ತದೆ. ಸ್ವಿಚ್ಚು ಆರಿಸಿದ ಮೇಲೂ ಕೆಪಾಸಿಟರು ಏಟು ಕೊಡಬಲ್ಲದು. ಮಹಾಯುದ್ಧದ ಕಾಲದ ಕೆಲವು ಮಾಪಕಗಳ ಮುಖಕ್ಕೆ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಳಿದಿದ್ದರು. ಇಂಥವನ್ನು ಶಾಲೆಯು ವಿನಯದಿಂದ ನಿರಾಕರಿಸಬೇಕು. 12 ವೋಲ್ಟಿನಲ್ಲಿ ನಡೆಯುವ ಟ್ರಾನ್ಸಿಸ್ಟರ್ ಯಂತ್ರಗಳಿಂದ ಆರಂಭಿಸಬೇಕು. ಪ್ರೇಷಕದ ವಿಷಯದಲ್ಲಿ ಕಾನೂನು ಕಟ್ಟುನಿಟ್ಟು. ಪರವಾನಗಿಯಿಲ್ಲದೆ ಅಲೆಯನ್ನು ಹೊರಡಿಸತಕ್ಕದ್ದಲ್ಲ. ಕೇಳುವ ಗ್ರಾಹಕ, ಧ್ವನಿವರ್ಧಕ, ವಿದ್ಯುತ್ ಪೂರೈಕೆಯ ಪೆಟ್ಟಿಗೆ – ಇವುಗಳ ದೋಷ ಹುಡುಕುವುದರಲ್ಲಿಯೇ ಎರಡು ಮೂರು ವರ್ಷಗಳ ವಿದ್ಯೆ ಅಡಗಿದೆ. ಮುಂದೆ ಹೋಗಬಯಸುವವರು ಹವ್ಯಾಸಿ ಪರೀಕ್ಷೆಯನ್ನು ಬರೆಯಲಿ.

ಇದು ಪರದೇಶದವರ ಹವ್ಯಾಸವೆಂಬ ಮೂರನೆಯ ಆಕ್ಷೇಪಕ್ಕೆ ಮೈಸೂರು ಉತ್ತರ ಹೇಳುತ್ತದೆ. 1935ರಲ್ಲಿ ಅಲ್ಲಿನ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಚಿಕ್ಕದೊಂದು ಪ್ರೇಷಕವನ್ನಿಟ್ಟು ಪ್ರಸಾರವನ್ನು ಆರಂಭಿಸಿದರು. ಅವರು ಇಂಜಿನಿಯರರಲ್ಲ, ಕಲಿಸುತ್ತಿದ್ದುದು ಮನಶ್ಶಾಸ್ತ್ರ. ಆ ಮನೆಯ ನಿಲಯಕ್ಕೆ ಸಂದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಅಧ್ಯಾಪಕನೊಬ್ಬನ ಮನೆಯ ಕುತೂಹಲವು ಎಲ್ಲಿಯವರೆಗೆ ಮುಟ್ಟಬಲ್ಲದೆಂದು ಊಹಿಸಲು ಇದು ಸಾಕು.

ಆದುದರಿಂದ ಶ್ರೀಮಠದ ಆಶ್ರಯದಲ್ಲಿ ನಡೆಯುವ ಶಾಲೆಗೆ ಹೊಸ ಕಟ್ಟಡಕ್ಕಿಂತ ಮೊದಲು ಬೇಕಾದದ್ದು ಒಂದು ದುರಸ್ತಿಯ ಕೋಣೆ: ಗಟ್ಟಿಯಾದ ನಾಲ್ಕು ಮೇಜು, ಸೋಲ್ಡರಿಂಗ್ ಐರನ್, ಮಲ್ಟಿಮೀಟರ್, ಬೀಗವಿಲ್ಲದ ಕಪಾಟು, ಬಿಚ್ಚಲು ಅನುಮತಿ ಕೊಡುವ ಧೈರ್ಯವುಳ್ಳ ಒಬ್ಬ ಅಧ್ಯಾಪಕ. ಹಳೆಯ ವಿದ್ಯಾರ್ಥಿಗಳಲ್ಲಿ ದೂರವಾಣಿ, ರೈಲ್ವೆ, ವಿದ್ಯುತ್ ಇಲಾಖೆಗಳಲ್ಲಿ ದುಡಿದು ನಿವೃತ್ತರಾದವರು ವಾರಕ್ಕೊಂದು ಮಧ್ಯಾಹ್ನ ಅಲ್ಲಿ ಕುಳಿತರೆ ಅದು ಲಕ್ಷ ರೂಪಾಯಿಗಿಂತ ಮಿಗಿಲಾದ ಕೊಡುಗೆ. ಪ್ರತಿಯೊಂದು ಯಂತ್ರಕ್ಕೂ ಒಂದು ಪುಸ್ತಕವಿರಲಿ. ಕಂಡ ದೋಷ, ಮಾಡಿದ ಪರೀಕ್ಷೆ, ತಿಳಿದ ಕಾರಣ, ತಿರುಪಿನ ಮೊದಲ ಸ್ಥಾನ – ಎಲ್ಲವನ್ನೂ ವಿದ್ಯಾರ್ಥಿಯು ಶುದ್ಧವಾದ ಕನ್ನಡದಲ್ಲಿ ಅದರಲ್ಲಿ ಬರೆಯಲಿ. ಕನ್ನಡದ ಅಧ್ಯಾಪಕರು ಅದನ್ನು ತಿದ್ದಲಿ. ವಿಜ್ಞಾನವು ಕನ್ನಡದಲ್ಲಿ ಬರಬೇಕೆಂಬ ಭಾಷಣಗಳು ಬೇಕಾದಷ್ಟು ಆಗಿವೆ. ಆ ಕನ್ನಡ ಹುಟ್ಟಬೇಕಾದದ್ದು ಇಂತಹ ಪುಸ್ತಕಗಳಲ್ಲಿ.

ಯಂತ್ರವು ಇಂದಲ್ಲ ನಾಳೆ ನಿಂತೇ ನಿಲ್ಲುತ್ತದೆ. ಅದನ್ನು ಬಿಚ್ಚಿದ ಹುಡುಗನು ಬರೆದಿಟ್ಟ ಪುಸ್ತಕವು ಮುಂದಿನ ಹುಡುಗನ ಕೈ ಸೇರಿದರೆ ವಿದ್ಯೆ ನಿಲ್ಲುವುದಿಲ್ಲ. ಒಬ್ಬರಿಂದ ಕೇಳಿದ್ದನ್ನು ಕುಂದಿಲ್ಲದಂತೆ ಇನ್ನೊಬ್ಬರಿಗೆ ದಾಟಿಸುವುದೇ ಗುರುಪರಂಪರೆಯ ಕಾಯಕ. ಅದನ್ನು ಶತಮಾನಗಳಿಂದ ನಡೆಸಿಕೊಂಡು ಬಂದಿರುವ ಮಠದ ನೆರಳಿನಲ್ಲಿ ಕಪಾಟುಗಳ ಬೀಗ ತೆಗೆಯುವುದು ಕಷ್ಟವಾಗಲಾರದು.